ಇರಲಿ, ಇಟ್ಕೊಂಡಿರು

ಜುಲೈ ೧೪

ಚಿಕ್ಕಮ್ಮನಿಗೆ,

ಇಲ್ಲಿ ಹವೆ ಚೆನ್ನಾಗಿದೆ. ಬೆಳಿಗ್ಗೆ ಸ್ವಲ್ಪ ಮೋಡ, ಮಧ್ಯಾಹ್ನ ಬಿಸಿಲು. ರೂಮು ಚೆನ್ನಾಗಿದೆ. ಊಟವೂ ಪರವಾಗಿಲ್ಲ. ತಾವು ಆರೋಗ್ಯದಿಂದಿದ್ದೀರಿ ಎಂದು ನಂಬಿದ್ದೇನೆ.

ಸಂಶೋಧನೆಯ ಮೊದಲನೇ ವರ್ಷದಲ್ಲಿ ಏನು ಮಾಡಿಸುತ್ತಾರೆ ಎಂದು ಹೊರಡುವಾಗ ಕೇಳಿದ್ದಿರಿ. ಆಗ ನನಗೂ ಗೊತ್ತಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಬೇರೆ ಬೇರೆ ಶಾಲೆಗಳ ಪಾಠದ ರೆಕಾರ್ಡಿಂಗ್ ಕೇಳಬೇಕು. ಟೀಚರ್ ಏನು ಕೇಳಿದರು, ಮಗು ಏನು ಅಂತು, ನಡುವೆ ಎಷ್ಟು ಹೊತ್ತು ಸುಮ್ಮನಿದ್ದರು, ಎಲ್ಲವನ್ನೂ ಟೈಪ್ ಮಾಡಿ ಒಂದೊಂದು ಮಾತಿಗೂ ಒಂದೊಂದು ಕೋಡ್ ಹಾಕಬೇಕು. ಪ್ರಶ್ನೆಗೊಂದು, ಉತ್ತರಕ್ಕೊಂದು, ಬೈಗುಳಕ್ಕೆ ಬೇರೆಯದೊಂದು. ನನ್ನ ಗೈಡ್ ಈ ವಿಷಯದಲ್ಲಿ ತುಂಬಾ ದೊಡ್ಡವರು. ತರಗತಿಯಲ್ಲಿ ಟೀಚರ್ ಒಬ್ಬರೇ ಮಾತಾಡಬಾರದು, ಮಕ್ಕಳೂ ಮಾತಾಡಬೇಕು, ಮಾತಾಡುತ್ತಲೇ ಅವರ ಯೋಚನೆ ಬೆಳೆಯುತ್ತದೆ ಎಂದು ಜೀವಮಾನವೆಲ್ಲ ಹೇಳಿಕೊಂಡು ಬಂದವರು. ಅವರ ಪುಸ್ತಕ ಓದಿಯೇ ನಾನು ಇಲ್ಲಿಗೆ ಅರ್ಜಿ ಹಾಕಿದ್ದು.

ಲ್ಯಾಬ್ ಎಂದರೆ ಉದ್ದನೆಯ ಒಂದು ಕೋಣೆ. ಮೇಜುಗಳೆಲ್ಲ ಗೋಡೆಗೆ ಮುಖ ಮಾಡಿವೆ. ಕಿಟಕಿ ಎತ್ತರದಲ್ಲಿದೆ, ನಿಂತರೆ ಆಕಾಶ ಕಾಣುತ್ತದೆ, ಕೂತರೆ ಇಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್ ಇರುವುದರಿಂದ ತುಂಬಾ ಶಾಂತವಾಗಿರುತ್ತದೆ. ಪಕ್ಕದ ಮೇಜಿನವರು ಸಂಶೋಧನೆಯ ಆರನೇ ವರ್ಷದಲ್ಲಿದ್ದಾರೆ. ಎಲ್ಲರೂ ಅವರನ್ನು ‘ಆರನೇ ಕ್ಲಾಸು’ ಎಂದು ಕರೆಯುತ್ತಾರೆ, ಅವರೂ ನಗುತ್ತಾರೆ.

ಬೇರೇನೂ ವಿಶೇಷವಿಲ್ಲ.

ತಮ್ಮ ವಿಧೇಯಳು,
ಪಿಟೀಲು


ಜುಲೈ ೨೫

ಪಿಟೀಲು,

ಎದುರಿಗಿದ್ದಾಗ ‘ಚಿಕ್ಕಮ್ಮ, ನನ್ನ ಟವಲ್ಲು ಎಲ್ಲಿಟ್ಟೆ’ ಅನ್ನೋಳು, ಕಾಗದದಲ್ಲಿ ‘ತಾವು’ ಅಂತೀಯ. ಚಿಕ್ಕಂದಿನ ಹಾಸ್ಟೆಲಿನ ವಾರ್ಡನ್ ಇನ್ನೂ ನಿನ್ನ ಹೆಗಲ ಮೇಲಿಂದ ಇಣುಕುತ್ತಿದ್ದಾರಾ? ಆಗ ನಿಮ್ಮ ಭಾನುವಾರದ ಕಾಗದಗಳನ್ನೆಲ್ಲ ಅವರು ಓದಿಯೇ ಅಂಟಿಸುತ್ತಿದ್ದರು. ನೀನು ಹವೆಯಿಂದ ಶುರು ಮಾಡಿದ್ದರೆ ಆ ವಾರ ಅತ್ತಿದ್ದೀಯ ಅಂತ ನನಗೆ ತಿಳಿಯುತ್ತಿತ್ತು. ಇಷ್ಟು ವರ್ಷ ನಿನಗೆ ಹೇಳಲಿಲ್ಲ, ಹೇಳಿದ್ದರೆ ಅದನ್ನೂ ಬರೆಯೋದು ಬಿಡುತ್ತಿದ್ದೆ.

ಫೋನಿನಲ್ಲಿ ಏನು ಕೇಳಿದರೂ ‘ಹೂಂ’ ಅಂತೀಯ. ಕಾಗದದಲ್ಲಿ ಬರೀ ಹೂಂ ಬರೆದು ಅಂಚೆಗೆ ಹಾಕೋಕೆ ನಿನಗೇ ನಾಚಿಕೆಯಾಗುತ್ತೆ. ಅದಕ್ಕೇ ನಾನು ಕಾಗದ ಬಿಡೋಳಲ್ಲ.

ಒಂದೇ ಒಂದು ಪ್ರಶ್ನೆ. ಅಲ್ಲಿ ನಿನ್ನ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳೋರು ಯಾರಾದರೂ ಇದ್ದಾರಾ? ಒಂದು ಸಲ ಕೇಳಿದೆ, ಮತ್ತೆ ಕೇಳಲ್ಲ.

ಈ ವರ್ಷ ನನ್ನ ನಾಲ್ಕನೇ ಕ್ಲಾಸಿಗೆ ಒಬ್ಬ ಹುಡುಗಿ ಬಂದಿದ್ದಾಳೆ. ಏನು ಕೇಳಿದರೂ ಬಾಯಿಗೆ ಬೀಗ. ಮೊದಲ ವಾರ ಪೆದ್ದಿ ಅಂದುಕೊಂಡೆ. ಒಂದು ದಿನ, ‘ಸಣ್ಣ ಕಲ್ಲು ಮುಳುಗುತ್ತೆ, ಅಷ್ಟು ದೊಡ್ಡ ಮರದ ದಿಮ್ಮಿ ಯಾಕೆ ಮುಳುಗಲ್ಲ’ ಅಂತ ಕೇಳಿದೆ. ನೆಲ ನೋಡ್ತಾ ನಿಂತಳು. ಮಿಕ್ಕವರು ಕಿಸಿಕಿಸಿ ಶುರು ಮಾಡಿದರು. ‘ಇರಲಿ, ಇಟ್ಕೊಂಡಿರು’ ಅಂತ ಅವಳನ್ನು ಕೂರಿಸಿ ಪಕ್ಕದವಳನ್ನು ಕೇಳಿದೆ. ಮಾರನೇ ದಿನ ಹಾಜರಿ ಕರೆಯೋ ಮುಂಚೆ ನನ್ನ ಮೇಜಿನ ಹತ್ತಿರ ಬಂದಳು. ‘ಮಿಸ್, ದಿಮ್ಮಿ ನೀರನ್ನ ತಳ್ಳುತ್ತೆ, ನೀರು ವಾಪಸ್ ತಳ್ಳುತ್ತೆ. ಕಲ್ಲನ್ನೂ ತಳ್ಳುತ್ತೆ, ಆದ್ರೆ ಅದಕ್ಕೆ ಸಾಕಾಗಲ್ಲ.’ ಸಂಜೆಯೆಲ್ಲ ಬಕೆಟ್ಟಿನಲ್ಲಿ ಮನೆ ಸಾಮಾನು ಮುಳುಗಿಸಿ ನೋಡಿದ್ದಾಳೆ, ಅಪ್ಪನ ಚಪ್ಪಲಿ ಕೂಡ. ಚೆನ್ನಾಗಿ ಬೈಸಿಕೊಂಡಿದ್ದಾಳೆ.

ಅಂದಿನಿಂದ ಅವಳಿಗೆ ನಾನು ದಿನಾ ಒಂದು ಪ್ರಶ್ನೆ ಕೊಡ್ತೀನಿ, ಅವಳು ಮಾರನೇ ದಿನ ಉತ್ತರ ತರ್ತಾಳೆ. ಮಕ್ಕಳು ‘ನಾಳೆರಾಣಿ’ ಅಂತ ಹೆಸರಿಟ್ಟಿದ್ದಾರೆ. ಅವಳಿಗೇನೂ ಬೇಜಾರಿಲ್ಲ, ರಾಣಿ ಅಲ್ಲವಾ.

ಚಿಕ್ಕಮ್ಮ


ಆಗಸ್ಟ್ ೩೦

ಚಿಕ್ಕಮ್ಮ,

ತಡವಾಯಿತು, ಬೈಯಬೇಡ. ಈ ಸಲ ಹವೆಯ ಬಗ್ಗೆ ಬರೆಯುವುದಿಲ್ಲ, ಒಳ್ಳೆಯ ಸುದ್ದಿಯೇ ಇದೆ.

ಪ್ರತಿ ಗುರುವಾರ ನಮ್ಮ ಮೀಟಿಂಗ್. ಹೊಸಬರು ಏನಾದರೂ ಹೇಳಲೇಬೇಕು. ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲಿ ಶುರು ಮಾಡಿದರೆ ಅರ್ಧ ದಾರಿಗೆ ನಿಲ್ಲುತ್ತದೆ, ಕನ್ನಡಕ್ಕೆ ಹೊರಳಿದರೆ ಈ ವಿಷಯದ ಪದಗಳು ಸಿಗುವುದಿಲ್ಲ. ಎರಡೂ ಕಡೆಯ ಬಸ್ಸು ತಪ್ಪಿಸಿಕೊಂಡವಳ ಹಾಗೆ ನಿಂತುಬಿಡುತ್ತೇನೆ. ಈ ಸಲ ಬೇರೇನೂ ತೋಚದೆ ನಾಳೆರಾಣಿಯ ಕಥೆ ಹೇಳಿದೆ. ನೀನು ಯಾರೆಂದು ಹೇಳಲಿಲ್ಲ, ‘ನನಗೆ ಗೊತ್ತಿರೋ ಒಬ್ಬ ಟೀಚರ್’ ಅಂದೆ. ‘ಪಕ್ಕದವಳನ್ನು ಕೇಳಿದರು’ ಅನ್ನುವವರೆಗೆ ಬಂದಿದ್ದೆ, ಗೈಡ್ ಪೆನ್ನು ಎತ್ತಿ, ‘ಬ್ಯೂಟಿಫುಲ್, ಇದಕ್ಕೆ ನಮ್ಮಲ್ಲಿ ಕೋಡೇ ಇಲ್ಲವಲ್ಲ’ ಅಂದರು. ಆ ವಾರವೇ ಹೊಸ ಕೋಡ್ ಮಾಡಿ ಕೋಡುಗಳ ಶೀಟಿಗೆ ಸೇರಿಸಿದರು. ಮಾರನೇ ದಿನದ ಭಾಗ ಹೇಳುವುದಕ್ಕೆ ಟೈಮ್ ಆಗಲಿಲ್ಲ. ಇನ್ನೊಂದು ಸಲ ಹೇಳುತ್ತೇನೆ.

ಅವರಿಗೊಂದು ಅಭ್ಯಾಸವಿದೆ. ಯಾರು ಏನು ಹೇಳಿದರೂ ‘ಅಂದರೆ ನೀನು ಹೇಳ್ತಿರೋದು’ ಎಂದು ಶುರು ಮಾಡಿ, ಆ ಮಾತನ್ನು ತಿದ್ದಿ ತೀಡಿ ವಾಪಸ್ ಕೊಡುತ್ತಾರೆ. ಪುಸ್ತಕದಲ್ಲಿ ಇದಕ್ಕೆ ಮರುನುಡಿ ಎನ್ನುತ್ತಾರೆ, ಒಳ್ಳೆಯ ಟೀಚರ್ ಲಕ್ಷಣವಂತೆ. ನನ್ನ ಮಾತು ಅವರ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಅಂದರೆ, ಅದು ನನ್ನದೇ ಎಂದು ಗುರುತೇ ಸಿಗುವುದಿಲ್ಲ.

ಈ ಕೋಡ್ ಬಗ್ಗೆ ಬರೆಯುವ ಲೇಖನದಲ್ಲಿ ನನ್ನ ಹೆಸರೂ ಇರುತ್ತದಂತೆ, ಕೊನೆಯಲ್ಲಿ.

ಪಿಟೀಲು


ಸೆಪ್ಟೆಂಬರ್ ೧೨

ನಮ್ಮ ವಿದುಷಿಗೆ,

ನಿನ್ನ ಕಾಗದವನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದೆ. ತಪ್ಪಾಯಿತು ಅಂತ ಕೇಳಲ್ಲ, ಇನ್ನೊಂದು ಸಲ ಬೇಕಾದರೂ ಓದ್ತೀನಿ. ಲೆಕ್ಕದ ಮೇಷ್ಟ್ರು, ‘ಹಾಗಾದ್ರೆ ಇನ್ಮೇಲೆ ನಾವು ನಿಮ್ಮನ್ನ ನೋಡೋಕೆ ಚೀಟಿ ಕಳಿಸ್ಬೇಕಾ ಮೇಡಂ’ ಅಂದರು. ‘ಚೀಟಿ ಯಾಕೆ, ನನ್ನ ಕಾಪಿ ತಿದ್ದಿಕೊಟ್ಟು ಒಳಗೆ ಬನ್ನಿ’ ಅಂದೆ.

ಇನ್ನೂ ಕೇಳು. ನಿಮ್ಮ ಗೈಡ್ ಬರೆದ ಪುಸ್ತಕದ ಆಧಾರದ ಮೇಲೆ ಒಂದು ಯೋಜನೆ ಬಂದಿದೆ, ‘ಸಂವಾದ ತರಗತಿ’ ಅಂತ. ನಮ್ಮ ಶಾಲೆಯನ್ನೂ ಆರಿಸಿದ್ದಾರೆ. ವೀಕ್ಷಕರು ಬಂದು ಹಿಂದಿನ ಬೆಂಚಿನಲ್ಲಿ ಕೂತು ಶೀಟು ತುಂಬಿ, ಟೀಚರಿಗೆ ಅಂಕ ಹಾಕಿ, ರೆಕಾರ್ಡ್ ಮಾಡಿಕೊಂಡು ಹೋಗ್ತಾರಂತೆ. ಹೆಡ್ಮಿಸ್ಟ್ರೆಸ್ ಗಾಬರಿಯಿಂದ ಪರದೆ ಒಗೆಸುತ್ತಿದ್ದಾರೆ. ನಾನು ಮಾತ್ರ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೀನಿ. ನಮ್ಮ ಹುಡುಗಿ ಮಾಡಿದ ಶೀಟು, ಅದರಲ್ಲಿ ನನ್ನದೇ ಕಥೆ. ನನಗ್ಯಾಕೆ ಭಯ?

ಒಂದು ವಿಷಯಕ್ಕೆ ನೀನು ಉತ್ತರ ಬರೆದಿಲ್ಲ. ಇರಲಿ.

ಚಿಕ್ಕಮ್ಮ


ಅಕ್ಟೋಬರ್ ೬

ಚಿಕ್ಕಮ್ಮ,

ಇಲ್ಲಿ ಚಳಿ ಶುರುವಾಗಿದೆ. ಬೆಳಿಗ್ಗೆ ಮಂಜು.

ಕೆಲಸ ಜಾಸ್ತಿ. ಜನವರಿಯಲ್ಲಿ ಮೊದಲ ವರ್ಷದ ರಿವ್ಯೂ. ಹೊರಗಿನಿಂದ ಒಬ್ಬರು ಪರೀಕ್ಷಕಿ ಬರುತ್ತಾರೆ. ಪಾಸಾಗದಿದ್ದರೆ ಸೀಟೂ ಇಲ್ಲ, ರೂಮೂ ಇಲ್ಲ. ಗೈಡ್ ಬದಲಾಯಿಸಬಹುದೇ ಎಂದು ಆರನೇ ಕ್ಲಾಸನ್ನು ಸುಮ್ಮನೆ ಕೇಳಿದೆ, ನನಗೋಸ್ಕರ ಅಲ್ಲ. ‘ಬದಲಾಯಿಸಬಹುದು ತಾಯಿ. ಅರ್ಜಿಗೆ ಗೈಡ್ ಸಹಿ ಬೇಕು’ ಅಂದರು. ಅವರ ಮೇಜಿನ ಮೇಲೆ ಒಂದು ಸಣ್ಣ ಗಿಡವಿದೆ. ಬಂದ ವರ್ಷ ತಂದದ್ದಂತೆ. ಬಿಸಿಲಿಲ್ಲದೆ ಎಲೆ ಬಿಳಿಚಿಕೊಂಡಿದೆ, ಸಾಯುವುದೂ ಇಲ್ಲ.

ನಿಮ್ಮ ಶಾಲೆಗೆ ವೀಕ್ಷಕರು ಬಂದ ದಿನ ನಾಳೆರಾಣಿಯನ್ನು ಏನೂ ಕೇಳಬೇಡ. ಸುಮ್ಮನೆ ಹೇಳಿದೆ. ಯಾವಾಗಲೂ ಬಾಯಿ ಬಿಡುವ ಮಕ್ಕಳನ್ನೇ ಕೇಳು.

ಪಿಟೀಲು


ಅಕ್ಟೋಬರ್ ೨೪

ಪಿಟೀಲು,

ಇಲ್ಲಿ ಬಿಸಿಲು ಚೆನ್ನಾಗಿದೆ. ಬಟ್ಟೆ ಬೇಗ ಒಣಗುತ್ತೆ. ಗಾಳಿಯೂ ಇದೆ.

ವೀಕ್ಷಕರು ಬಂದು ಹೋದರು. ಎಳೇ ಹುಡುಗ, ಪಾಪ, ಆ ಸಣ್ಣ ಬೆಂಚಿನಲ್ಲಿ ಮಂಡಿ ಮಡಚೋಕಾಗದೆ ಒದ್ದಾಡಿದ. ಎಲ್ಲ ಚೆನ್ನಾಗಿಯೇ ಆಯಿತು.

ಅವಳನ್ನು ಕೇಳಬೇಡ ಅಂದಿದ್ದೆ. ಹೊಸಬರ ಮುಂದೆ ಮಗುವಿಗೆ ಮುಜುಗರ ಆಗಬಾರದು ಅಂತ ನಿನ್ನ ಕಾಳಜಿ, ಹಾಸ್ಟೆಲಿನಲ್ಲಿ ನೀನೂ ಹಾಗೆಯೇ ಇದ್ದೆಯಲ್ಲ. ಆದರೆ ಎಲ್ಲರನ್ನೂ ಕೇಳಿ ಅವಳನ್ನು ಬಿಟ್ಟರೆ, ಬಿಟ್ಟಿದ್ದು ಅವಳಿಗೆ ಗೊತ್ತಾಗಲ್ವಾ? ಕೇಳಿದೆ. ನೆಲ ನೋಡಿದಳು. ಇಟ್ಕೊಂಡಿರು ಅಂದೆ.

ಚೆನ್ನಾಗಿ ಓದು. ಕಾಲಿಗೆ ಸಾಕ್ಸ್ ಹಾಕಿಕೋ.

ಚಿಕ್ಕಮ್ಮ


ನವೆಂಬರ್ ೨೦

ಚಿಕ್ಕಮ್ಮ,

ನಿನ್ನ ಕಾಗದ ಹವೆಯಿಂದ ಶುರುವಾಗಿತ್ತು. ಮೊದಲ ಸಲ ಓದಿದಾಗ ನನಗೆ ಹೊಳೆಯಲೇ ಇಲ್ಲ.

ಹೋದ ವಾರ ಯೋಜನೆಯ ಶಾಲೆಗಳ ರೆಕಾರ್ಡಿಂಗ್‌ಗಳು ಲ್ಯಾಬಿಗೆ ಬಂದವು. ವೀಕ್ಷಕರು ಹಾಕಿದ ಕೋಡನ್ನು ಇಲ್ಲಿ ಇನ್ನಿಬ್ಬರು ಕೇಳಿ ತಾಳೆ ನೋಡಬೇಕು. ಊರಿಲ್ಲ, ಹೆಸರಿಲ್ಲ, ಬರೀ ‘ಶಿಕ್ಷಕಿ ೩೧’. ಬೆಂಚು ಎಳೆಯುವ ಸದ್ದು, ಬಾಗಿಲ ಚಿಲಕ, ಆಮೇಲೆ ಎರಡು ಸಣ್ಣ ಕೆಮ್ಮು. ಪಾಠ ಶುರು ಮಾಡುವ ಮುಂಚೆ ನೀನು ಕೆಮ್ಮುವ ಕೆಮ್ಮು. ಕುರ್ಚಿಯಲ್ಲೇ ನೆಟ್ಟಗೆ ಕೂತೆ, ನಿನ್ನ ಕ್ಲಾಸಿನಲ್ಲಿ ಕೂರುವ ಹಾಗೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಆ ಗುರುವಾರ ನಾನು ಕಥೆ ಮುಗಿಸುವ ಮುಂಚೆ ಗೈಡ್ ಹೇಳಿದ್ದು ಇದು: ‘ಅಂದರೆ ನೀನು ಹೇಳ್ತಿರೋದು, ಮಗು ಸುಮ್ಮನಿದ್ದ ಕೂಡಲೇ ಟೀಚರ್ ಪ್ರಶ್ನೆನ ಕಿತ್ಕೊಂಡು ಬೇರೆಯವರಿಗೆ ಕೊಟ್ಬಿಡ್ತಾರೆ.’ ನಾನು ಹೂಂ ಅಂದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು, ಮೊದಲ ಸಲ ಮೆಚ್ಚಿಕೊಂಡು. ಹಾಗಾಗಿ ಕೋಡಿನ ಹೆಸರು ‘ಕೈಬಿಟ್ಟ ಪ್ರಶ್ನೆ’. ಮೂರು ಎಣಿಸುವಷ್ಟು ಹೊತ್ತು ಮಗು ಸುಮ್ಮನಿದ್ದು, ಟೀಚರ್ ಪ್ರಶ್ನೆಯನ್ನು ದಾಟಿಸಿದರೆ ಅಂಕ ಕಳೆಯುತ್ತಾರೆ. ಅವಳನ್ನು ಕೇಳಬೇಡ ಎಂದು ಬರೆದದ್ದು ಅದಕ್ಕೆ. ಯಾಕೆ ಅಂತ ಬರೆಯುವ ಧೈರ್ಯ ಆಗಲಿಲ್ಲ.

ರೆಕಾರ್ಡಿಂಗಿನಲ್ಲಿ ನೀನು ‘ಇರಲಿ, ಇಟ್ಕೊಂಡಿರು’ ಅಂದೆ. ನನ್ನ ಬೆರಳು ಕೀಲಿಯ ಮೇಲೆ ನಿಂತಿತು. ನನ್ನ ಜೊತೆ ಅದನ್ನೇ ಕೇಳುತ್ತಿದ್ದ ಆರನೇ ಕ್ಲಾಸು ಹೆಡ್‌ಫೋನ್ ಸರಿಸಿ, ‘ಹಾಕಿಬಿಡು ತಾಯಿ. ಇಬ್ಬರ ಕೋಡೂ ಹೊಂದ್ಬೇಕು. ಹೊಂದದೇ ಹೋದ್ರೆ ಯಾರ ಕಿವಿ ಕೆಟ್ಟಿದೆ ಅಂತಾರೆ, ನಂದೋ ನಿಂದೋ’ ಅಂದರು. ಹಾಕಿದೆ. ನೀನು ಆ ಮಾತು ಅಂದಾಗಲೆಲ್ಲ ಹಾಕಿದೆ. ಕೊನೆಗೆ ಗಂಟೆ ಹೊಡೆಯಿತು, ರೆಕಾರ್ಡಿಂಗ್ ನಿಂತಿತು. ಎಲ್ಲ ರೆಕಾರ್ಡಿಂಗೂ ಗಂಟೆಗೇ ನಿಲ್ಲುತ್ತವೆ. ನಮ್ಮ ಹತ್ತಿರ ಮಾರನೇ ದಿನ ಅನ್ನುವುದೇ ಇಲ್ಲ.

ನಿನಗೆ ಏನು ಮಾಡಿದರು? ಹವೆ ಬೇಡ, ನಿಜ ಬರೆ.

ಪಿಟೀಲು


ಡಿಸೆಂಬರ್ ೫

ಪಿಟೀಲು,

ಸರಿ, ನಿಜ. ವೀಕ್ಷಕರ ಶೀಟಿನಲ್ಲಿ ಅಂಕ ಕಡಿಮೆ ಬಂತು ಅಂತ ನನ್ನನ್ನು ಕ್ಲಾಸಿನಿಂದ ತೆಗೆದಿದ್ದಾರೆ. ಮರುವೀಕ್ಷಣೆ ಆಗೋವರೆಗೂ ಲೈಬ್ರರಿ ನೋಡಿಕೊಳ್ಳಬೇಕು. ಲೈಬ್ರರಿ ಅಂದರೆ ಮುರಿದ ಕುರ್ಚಿಗಳ ಉಗ್ರಾಣ, ನಡುವೆ ಎರಡು ಕಪಾಟು. ಪುಸ್ತಕಗಳಿಗೆ ಲೇಬಲ್ ಅಂಟಿಸ್ತೀನಿ. ಮರುವೀಕ್ಷಣೆ ಯಾವಾಗ ಅಂತ ಹೆಡ್ಮಿಸ್ಟ್ರೆಸ್ಸಿಗೂ ಗೊತ್ತಿಲ್ಲ. ಲೆಕ್ಕದ ಮೇಷ್ಟ್ರು ಈಗ ತಮಾಷೆ ಮಾಡಲ್ಲ, ಅದೇ ಜಾಸ್ತಿ ಕಷ್ಟ.

ನನ್ನ ಜಾಗಕ್ಕೆ ಬಂದವಳು ಒಳ್ಳೆಯ ಹುಡುಗಿ, ನಿನ್ನಷ್ಟೇ ವಯಸ್ಸು, ನಿನ್ನಷ್ಟೇ ಪುಕ್ಕಲು. ಪ್ರಶ್ನೆ ದಾಟಿಸಿದರೆ ಅಂಕ ಹೋಗುತ್ತೆ ಅಂತ ನಾಳೆರಾಣಿಯನ್ನು ಎಬ್ಬಿಸಿ, ಅವಳು ಬಾಯಿ ಬಿಡೋವರೆಗೂ ಕಾಯ್ತಾಳೆ. ಇಡೀ ಕ್ಲಾಸು ಆ ಮಗುವಿನ ಮುಖ ನೋಡ್ತಾ ಕೂತಿರುತ್ತೆ. ಈಗ ವಿಜ್ಞಾನದ ಪಿರಿಯಡ್ಡು ಬಂದರೆ ಅವಳಿಗೆ ಹೊಟ್ಟೆನೋವು. ನನ್ನ ಉಗ್ರಾಣಕ್ಕೆ ಬಂದು ಲೇಬಲ್ಲಿಗೆ ಗೋಂದು ಹಚ್ಚುತ್ತಾ ಕೂರ್ತಾಳೆ. ನಾನು ಏನೂ ಕೇಳಲ್ಲ. ನನಗೆ ಈಗ ಕೇಳೋ ಅಧಿಕಾರ ಇಲ್ಲ. ಹಾಗಾಗಿ ಮಾರನೇ ದಿನ ಅವಳು ಹೇಳೋದಕ್ಕೂ ಏನೂ ಇರಲ್ಲ.

ಶೀಟು ಪೂರ್ತಿ ಸುಳ್ಳು ಅನ್ನಬೇಡ. ಅಂಟಿಸುತ್ತಾ ಕೂತಾಗ ಯೋಚನೆ ಬರುತ್ತೆ. ಕಿಟಕಿ ಪಕ್ಕದ ಬೆಂಚಿನಲ್ಲಿ ಒಬ್ಬಳು ಇದ್ದಳು, ಅವಳಿಗೂ ಇಟ್ಕೊಂಡಿರು ಅಂದಿದ್ದೆ. ಮಾರನೇ ದಿನ ಅವಳು ಉತ್ತರ ತರಲಿಲ್ಲ, ನಾನೂ ಕೇಳಲಿಲ್ಲ. ಅದು ಕೈಬಿಟ್ಟಿದ್ದೇ. ನಿಮ್ಮ ವೀಕ್ಷಕ ಹುಡುಗ ಅದಕ್ಕೆ ಅಂಕ ಕಳೆದಿದ್ದರೆ ನಾನೇ ಸಹಿ ಹಾಕುತ್ತಿದ್ದೆ.

ಈಗ ನನ್ನ ಮಾತು ಕೇಳು. ನಿನ್ನ ರಿವ್ಯೂ ಮುಗಿಯೋವರೆಗೂ ತುಟಿ ಹೊಲಿದುಕೊಂಡಿರು. ನನ್ನ ನಿವೃತ್ತಿಗೆ ದೂರವಿಲ್ಲ, ಲೇಬಲ್ ಅಂಟಿಸಿಯೇ ಮುಗಿಸಬಲ್ಲೆ. ನಿನಗೆ ಇನ್ನೂ ಬೆಳಗಾಗಿಲ್ಲ. ನನಗೋಸ್ಕರ ನೀನು ಸೀಟು ಕಳೆದುಕೊಂಡು ಬಂದರೆ ನಾನು ಬಾಗಿಲು ತೆಗೀತೀನಿ, ಆದರೆ ಜನ್ಮದಲ್ಲಿ ಮಾತಾಡಿಸಲ್ಲ. ಒಪ್ಪಿದೆ ಅಂತ ಬರೆದು ಕಳಿಸು.

ಚಿಕ್ಕಮ್ಮ


ಡಿಸೆಂಬರ್ ೧೩

ಚಿಕ್ಕಮ್ಮ,

ಹೂಂ.

ಪಿಟೀಲು


ಜನವರಿ ೧೮

ಚಿಕ್ಕಮ್ಮ,

ಮೊನ್ನೆ ರಿವ್ಯೂ ಆಯಿತು. ನೀನು ಹೇಳಿದ ಹಾಗೆಯೇ ತುಟಿ ಹೊಲಿದುಕೊಂಡು ಹೋಗಿದ್ದೆ.

ಉದ್ದನೆಯ ಮೇಜು, ಆ ಕಡೆ ಐದು ಜನ, ಈ ಕಡೆ ನಾನು. ಪರೀಕ್ಷಕಿಗೆ ವಯಸ್ಸಾಗಿದೆ, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡಿದ್ದರು. ಗೈಡ್ ನನ್ನ ಪಕ್ಕದಲ್ಲೇ ಕೂತಿದ್ದರು. ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ಆ ಅಮ್ಮ ಶೀಟಿನ ಮೇಲೆ ಬೆರಳಿಟ್ಟು, ‘ಕೈಬಿಟ್ಟ ಪ್ರಶ್ನೆ ಅಂತ ಹೇಗೆ ಹೇಳ್ತೀಯಮ್ಮ? ಮಗು ಆಮೇಲೆ ಉತ್ತರ ಕೊಟ್ಟಿದ್ರೆ?’ ಅಂದರು. ಬೇರೆ ಯಾರೂ ಇದುವರೆಗೆ ಕೇಳಿರದ ಪ್ರಶ್ನೆ. ಉತ್ತರ ನನ್ನ ಹಲ್ಲಿನ ಹಿಂದೆಯೇ ಇತ್ತು. ನಾನು ನೆಲ ನೋಡಿದೆ. ಅಲ್ಲಿ ಕಾರ್ಪೆಟ್ಟಿನ ಒಂದು ಮೂಲೆ ಎದ್ದಿತ್ತು, ಅದನ್ನೇ ನೋಡಿದೆ. ಮೂರು ಎಣಿಸುವಷ್ಟು ಹೊತ್ತು ಎಂದೋ ದಾಟಿತ್ತು.

‘ಅಂದರೆ ಅವಳು ಹೇಳ್ತಿರೋದು’ ಎಂದು ಗೈಡ್ ಶುರು ಮಾಡಿದರು. ನಾನು ಏನೂ ಹೇಳಿರಲಿಲ್ಲ, ಚಿಕ್ಕಮ್ಮ. ನಾನು ಸುಮ್ಮನಿದ್ದದ್ದಕ್ಕೂ ಅವರು ಮರುನುಡಿ ಕೊಟ್ಟರು. ಎಲ್ಲರೂ ತಲೆಯಾಡಿಸಿದರು. ಪಾಸ್ ಅಂದರು. ಆರನೇ ಕ್ಲಾಸು ಎರಡು ಕಪ್ ಚಹಾ ತಂದು, ‘ಬಾ ತಾಯಿ, ಒಳಗೆ ಬಂದೆ’ ಅಂದರು. ಅವರು ಕಿಟಕಿಯ ಕಡೆ ನೋಡುತ್ತಾ ಅಂದದ್ದರಿಂದ ಅದು ಶುಭಾಶಯವೋ ಸಂತಾಪವೋ ತಿಳಿಯಲಿಲ್ಲ.

ನಿನಗೆ ಹೂಂ ಎಂದು ಬರೆದಿದ್ದೆ, ರಿವ್ಯೂ ಮುಗಿಯುವವರೆಗೆ ಅಂತ. ರಿವ್ಯೂ ಮುಗಿದಿತ್ತು.

ನಿನ್ನೆ ಬೆಳಿಗ್ಗೆ ಎದ್ದು ಗೆಸ್ಟ್ ಹೌಸಿಗೆ ಹೋದೆ. ಪರೀಕ್ಷಕಿ ತಿಂಡಿಗೆ ಕೂತಿದ್ದರು, ಎದುರಿಗೆ ಗೈಡ್. ಅವರೂ ಇರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ವಾಪಸ್ ಹೋಗೋಣ ಅನ್ನಿಸಿತು, ಆದರೆ ಆ ಅಮ್ಮ ನನ್ನನ್ನು ನೋಡಿಬಿಟ್ಟಿದ್ದರು. ‘ಮೇಡಂ, ನಿನ್ನೆ ನೀವು ಕೇಳಿದ್ದಕ್ಕೆ ಉತ್ತರ ತಂದಿದ್ದೀನಿ’ ಅಂದೆ.

‘ಅದು ನಿನ್ನೆನೇ ಮುಗೀತಲ್ಲಮ್ಮ’ ಅಂದರು ಗೈಡ್.

ಅವರು ಟೋಸ್ಟಿಗೆ ಬೆಣ್ಣೆ ಹಚ್ಚುತ್ತಿದ್ದರು, ನಾನು ನಿಂತೇ ಹೇಳಿದೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಯಾವ ಬಸ್ಸೂ ತಪ್ಪಲಿಲ್ಲ. ಬಕೆಟ್ಟು, ಚಪ್ಪಲಿ, ದಿಮ್ಮಿ, ಮಾರನೇ ದಿನ, ಎಲ್ಲ. ಆ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿದವಳು ನಾನೇ ಎಂದೂ, ಶಿಕ್ಷಕಿ ೩೧ ನನ್ನ ಚಿಕ್ಕಮ್ಮ ಎಂದೂ, ಗುರುತು ಹಿಡಿದ ಮೇಲೂ ಕೋಡ್ ಹಾಕಿದೆ ಎಂದೂ ಹೇಳಿದೆ. ಗೈಡ್ ಬಾಯಿ ಒರೆಸಿಕೊಂಡು, ‘ಅಂದರೆ ನೀನು ಹೇಳ್ತಿರೋದು’ ಅಂದರು.

‘ಇಲ್ಲ ಸರ್. ನಾನು ಹೇಳ್ತಿರೋದು ಅದಲ್ಲ.’

ಅವರು ಇನ್ನೂ ಏನೂ ಹೇಳಿರಲಿಲ್ಲ. ಚಾಕು ಹಿಡಿದ ಕೈ ಹಾಗೆಯೇ ನಿಂತಿತು.

ಆ ಅಮ್ಮ ನನ್ನನ್ನು ಹೊಗಳಿದರು ಅಂದುಕೊಳ್ಳಬೇಡ. ಸ್ವಂತದವರ ರೆಕಾರ್ಡಿಂಗ್ ಎಂದು ಗೊತ್ತಾದ ಕೂಡಲೇ ನಾನು ಆ ಕೆಲಸ ಬಿಟ್ಟು ಏಳಬೇಕಿತ್ತು, ಅದು ದೊಡ್ಡ ತಪ್ಪು, ಬಿಡೋಕಾಗಲ್ಲ ಅಂದರು. ನನ್ನ ಪಾಸನ್ನು ತಡೆಹಿಡಿದಿದ್ದಾರೆ, ವಿಚಾರಣೆ ಆಗುತ್ತದೆ. ಮಾರನೇ ದಿನವನ್ನೂ ರೆಕಾರ್ಡ್ ಮಾಡದೆ ಆ ಕೋಡ್ ಬಳಸಬಾರದು ಎಂದು ವರದಿಯಲ್ಲಿ ಬರೆಯುತ್ತಾರಂತೆ. ಅದನ್ನು ಯೋಜನೆಯವರು ಒಪ್ಪಬೇಕು, ಅವರಿಗೆ ಸಲಹೆ ಕೊಡುವವರು ನನ್ನ ಗೈಡೇ. ಹಾಗಾಗಿ ನಿನ್ನನ್ನು ಉಗ್ರಾಣದಿಂದ ಯಾವಾಗ ಬಿಡುತ್ತಾರೋ ಗೊತ್ತಿಲ್ಲ. ನನ್ನನ್ನು ಇಲ್ಲಿಂದ ಯಾವಾಗ ಬಿಡಿಸುತ್ತಾರೋ ಅದೂ ಗೊತ್ತಿಲ್ಲ. ಅಲ್ಲಿಯವರೆಗೂ ಅದೇ ಮೇಜು, ಅದೇ ಗೋಡೆ. ಈ ಬೆಳಿಗ್ಗೆ ಗೈಡ್ ನನ್ನ ಹಿಂದಿನಿಂದ ನಿಲ್ಲದೆ ಹಾದುಹೋದರು. ಆರನೇ ಕ್ಲಾಸು ಮಾತ್ರ ಗಿಡವನ್ನು ಎತ್ತಿ ನಮ್ಮಿಬ್ಬರ ಮೇಜಿನ ನಡುವೆ ಇಟ್ಟಿದ್ದಾರೆ.

ನೀನು ಜನ್ಮದಲ್ಲಿ ಮಾತಾಡಿಸಲ್ಲ ಅಂದಿದ್ದೆ. ಸರಿ. ಆದರೆ ನಾಳೆರಾಣಿಯನ್ನು ಮಾತಾಡಿಸು. ಗೋಂದು ಹಚ್ಚುವಾಗಲೇ ಏನಾದರೂ ಕೇಳು, ಗೋಂದು ಯಾಕೆ ಅಂಟುತ್ತೆ ಅಂತಾದರೂ ಕೇಳು. ಅದಕ್ಕೆ ಯಾರ ಅಧಿಕಾರವೂ ಬೇಡ.

ಜುಲೈನಲ್ಲಿ ನೀನು ನನ್ನನ್ನು ಒಂದು ಪ್ರಶ್ನೆ ಕೇಳಿದ್ದೆ, ನನ್ನ ಮಾತನ್ನು ಕೊನೆಯವರೆಗೂ ಕೇಳಿಸಿಕೊಳ್ಳುವವರು ಇಲ್ಲಿ ಯಾರಾದರೂ ಇದ್ದಾರಾ ಅಂತ. ಮತ್ತೆ ಕೇಳಲ್ಲ ಅಂದೆ, ಕೇಳಲೂ ಇಲ್ಲ. ನಾನು ಮರೆತಿಲ್ಲ, ಚಿಕ್ಕಮ್ಮ. ಇಟ್ಕೊಂಡಿದ್ದೆ.

ಉತ್ತರ: ಇಲ್ಲ, ಯಾರೂ ಇಲ್ಲ.

ಪಿಟೀಲು